ಹನ್ನೊಂದರಲ್ಲಿ ಒಂಬತ್ತು

ನೂರಾ ಹನ್ನೆರಡನೆಯ ಅಡಿಟಿಪ್ಪಣಿಯನ್ನು ಸುಲೋಚನಾ ಮೂರನೆಯ ಸಲ ಓದಿದಳು. ಎರಡೇ ಸಾಲು. ‘ಈ ಮತಗಳನ್ನು ಬೇರೊಂದು ಬಗೆಯಲ್ಲಿಯೂ ಎಣಿಸಲು ಸಾಧ್ಯವಿದೆ. ಅನುಬಂಧ ಎಂಟನ್ನು ನೋಡಿ.’ ತನ್ನ ಪಿಎಚ್.ಡಿ. ವಿದ್ಯಾರ್ಥಿನಿ ದೇಚಮ್ಮನ ಕರಡುಗಳನ್ನು ಐದು ವರ್ಷದಿಂದ ತಿದ್ದುತ್ತ ಬಂದಿದ್ದ ಅವಳಿಗೆ ಆ ಹುಡುಗಿಯ ಕೈ ಚೆನ್ನಾಗಿ ಗೊತ್ತು. ಒಂದು ಮಾತು ಹೇಳಬೇಕೆಂದರೆ ಎರಡು ಪುಟ ಹಿಡಿಯುವವಳು ಅವಳು. ಎರಡೇ ಸಾಲಿಗೆ ಮುಗಿಸಿದ್ದಾಳೆಂದರೆ ಏನನ್ನೋ ಮುಚ್ಚಿಟ್ಟಿದ್ದಾಳೆ ಎಂದೇ ಲೆಕ್ಕ.

ಅನುಬಂಧ ಎಂಟು ಮಹಾಪ್ರಬಂಧದ ಕಟ್ಟಕಡೆಗಿತ್ತು. ನಕಾಶೆಗಳೂ ಪುಸ್ತಕಗಳ ಪಟ್ಟಿಯೂ ಮುಗಿದ ಮೇಲೆ, ಪರೀಕ್ಷಕರು ಹೆಬ್ಬೆರಳಿನಲ್ಲಿ ಸರ್ರನೆ ಹಾರಿಸಿಬಿಡುವ ಜಾಗದಲ್ಲಿ. ಒಂದು ಪುಟದ ಕೋಷ್ಟಕ, ಅದರ ಬೆನ್ನಿಗೆ ಒಂದು ಪತ್ರದ ನಕಲು. ಕೋಷ್ಟಕದಲ್ಲಿ ವಿಶ್ವಸಂಸ್ಥೆಯ ಹನ್ನೊಂದು ಠರಾವುಗಳಿದ್ದವು, ಅವುಗಳ ಮುಂದೆ ಒಂದು ಪುಟ್ಟ ದ್ವೀಪದೇಶ ನಡೆದುಕೊಂಡ ರೀತಿ. ಸುಲೋಚನಾ ಬೆರಳಿಟ್ಟು ಎಣಿಸಿದಳು. ಎರಡರ ಮುಂದೆ ‘ತಟಸ್ಥ’ ಎಂದಿತ್ತು. ಉಳಿದ ಒಂಬತ್ತರ ಮುಂದೆ ‘ಗೈರುಹಾಜರಿ’. ನಂಬದೆ ಮತ್ತೊಮ್ಮೆ ಎಣಿಸಿದಳು.

ಯಾಕೆಂದರೆ ಆ ಹನ್ನೊಂದೂ ಅವಳವೇ. ಇಪ್ಪತ್ತಾರು ವರ್ಷದ ಹಿಂದೆ, ಕೋರಾಡಿಯ ವಿದ್ಯುತ್ ಕೇಂದ್ರದ ಕಾಲೊನಿಯಿಂದ ದಿನಾ ಬಸ್ಸು ಹಿಡಿದು ಬಂದು ನಾಗಪುರದ ಕಾಲೇಜೊಂದರಲ್ಲಿ ತಾಸಿಗಿಷ್ಟು ಎಂದು ಪಾಠ ಹೇಳುತ್ತಿದ್ದ ಕಾಲದಲ್ಲಿ, ಅವಳೊಂದು ಲೇಖನ ಬರೆದಿದ್ದಳು. ಪಕ್ಕದ ಕಾಮಠಿ ಪಟ್ಟಣದಷ್ಟೂ ಜನರಿಲ್ಲದ ಒಂದು ದೇಶ, ದೊಡ್ಡ ದೇಶಗಳೆಲ್ಲ ಎಡಬಲದಿಂದ ಕೈ ಜಗ್ಗುತ್ತಿದ್ದಾಗ, ಹನ್ನೊಂದು ಸಲವೂ ಹೌದೂ ಎನ್ನದೆ ಇಲ್ಲವೂ ಎನ್ನದೆ ಕೂತಿತ್ತು; ಬಾಯಿ ಮುಚ್ಚಿಕೊಂಡಿರುವುದೇ ಚಿಕ್ಕವರ ಆಯುಧ. ಅದಕ್ಕೆ ಅವಳಿಟ್ಟ ಹೆಸರು ‘ಮೌನದ ಮತ’. ದಿಲ್ಲಿಯ ನಿಯತಕಾಲಿಕ ಅದನ್ನು ಅಚ್ಚು ಹಾಕಿತು. ಅಲ್ಲಿಂದ ಒಂದು ಪಠ್ಯಪುಸ್ತಕಕ್ಕೆ ಹಾರಿತು. ‘ಸುಲೋಚನಾ ಕುಲಕರ್ಣಿಯವರು ತೋರಿಸಿಕೊಟ್ಟಂತೆ’ ಎಂಬ ಆ ಒಂದು ಸಾಲು ಅವಳಿಗೆ ವಿಶ್ವವಿದ್ಯಾಲಯದ ನೌಕರಿ ಕೊಡಿಸಿತು, ರೀಡರ್ ಮಾಡಿತು, ಪ್ರೊಫೆಸರ್ ಮಾಡಿತು. ಕುಲಕರ್ಣಿ ಎಂಬ ಹೆಸರು ಕೇಳಿ ಊರೆಲ್ಲ ಅವಳನ್ನು ಮರಾಠಿಯವಳೆಂದೇ ತಿಳಿದಿತ್ತು. ಧಾರವಾಡದವಳೆಂದು ಹೇಳಿ ಹೇಳಿ ಅವಳಿಗೂ ಸಾಕಾಗಿ ಬಿಟ್ಟಿದ್ದಳು. ಜಗತ್ತಿನ ರಾಜಕಾರಣವನ್ನೆಲ್ಲ ಕಲಿಸಿದ ಈ ಪುಣ್ಯಾತ್ಗಿತ್ತಿ ಪಾಸ್‌ಪೋರ್ಟ್ ಮಾಡಿಸಿದ್ದು ಐವತ್ತೆರಡನೆಯ ವಯಸ್ಸಿಗೆ. ಅದರಲ್ಲಿ ಬಿದ್ದಿರುವುದು ಒಂದೇ ಠಸ್ಸೆ, ಕೊಲಂಬೊದ್ದು. ಆದರೂ ಆ ಒಂದು ಲೇಖನದಿಂದಾಗಿ ತಾನು ಈ ವಿದ್ಯೆಗೆ ಏನೋ ಒಂದು ಕೊಟ್ಟೆ ಎಂಬ ಸಮಾಧಾನ ಅವಳಿಗಿತ್ತು.

ತಪ್ಪು ಎಲ್ಲಾಯಿತೆಂದು ಹುಡುಕಲು ಬಹಳ ಹೊತ್ತು ಹಿಡಿಯಲಿಲ್ಲ. ಆ ಲೆಕ್ಕವೆಲ್ಲ ಅವಳು ಒಂದು ವಾರದ ರಜೆ ಹಾಕಿ ದಿಲ್ಲಿಯ ಗ್ರಂಥಾಲಯದಲ್ಲಿ ಕೂತು ದಪ್ಪ ದಪ್ಪ ಸಂಪುಟಗಳಿಂದ ಕೈಯಲ್ಲಿ ಬರೆದುಕೊಂಡದ್ದು. ಪರ ಎಂದವರ ಹೆಸರು ಒಂದು ಕಡೆ, ವಿರೋಧ ಎಂದವರದು ಇನ್ನೊಂದು ಕಡೆ, ತಟಸ್ಥರದು ಮತ್ತೊಂದು ಕಡೆ ಇರುತ್ತಿತ್ತು. ಎಲ್ಲೂ ಹೆಸರಿಲ್ಲದವರು ಸಭೆಗೇ ಬಂದವರಲ್ಲ. ಅವಸರದಲ್ಲಿ ಅವಳು ಚೌಕಳಿ ಹಾಳೆಯ ಮೇಲೆ ಹೌದು ಎಂಬುದಕ್ಕೆ ಟಿಕ್ ಹಾಕಿದ್ದಳು, ಇಲ್ಲ ಎಂಬುದಕ್ಕೆ ಕಾಟು, ಎರಡೂ ಅಲ್ಲದ್ದಕ್ಕೆ ಒಂದು ಅಡ್ಡಗೆರೆ. ಕೂತು ಸುಮ್ಮನಿದ್ದವನಿಗೂ ಅಡ್ಡಗೆರೆ, ಬಾರದೇ ಇದ್ದವನಿಗೂ ಅಡ್ಡಗೆರೆ. ಕೋರಾಡಿಗೆ ಬಂದು ಹಾಳೆ ಹರವಿಕೊಂಡು ಕೂತಾಗ ಗೆರೆಗಳನ್ನೆಲ್ಲ ಒಂದೇ ಎಂದು ಎಣಿಸಿಬಿಟ್ಟಿದ್ದಳು.

"ಏನಾತು? ಚಹಾ ಆರಿ ನೀರಾಗೇದ ನೋಡು," ಎನ್ನುತ್ತ ಗಂಡ ಮುರಳೀಧರ ಕೈಯಲ್ಲಿ ತರ್ರಿ ಪೋಹೆಯ, ಅಂದರೆ ಖಾರದ ರಸ ಸುರಿದ ಅವಲಕ್ಕಿಯ, ಪೊಟ್ಟಣ ಹಿಡಿದು ಒಳಗೆ ಬಂದ. ವಿದ್ಯುತ್ ಕೇಂದ್ರದಿಂದ ನಿವೃತ್ತನಾದ ಮೇಲೆ ಬೆಳಗಿನ ವಾಕಿಂಗ್ ಹೆಸರಿನಲ್ಲಿ ಪೋಹೆಯ ಗಾಡಿಗೆ ಹೋಗಿಬರುವುದೇ ಅವನ ಕೆಲಸವಾಗಿತ್ತು.

"ಏನಿಲ್ರೀ."

"ನೀ ಏನಿಲ್ಲ ಅಂದ್ರ ಏನೋ ದೊಡ್ಡದ ಅದ ಅಂತ. ಹೇಳು."

"ನಾ ತಪ್ಪ ಎಣಿಸೀನ್ರಿ. ಮೌನದ ಮತ ಅಂತ ಬರದೆ ನೋಡ್ರಿ, ಅದು ಮೌನನ ಅಲ್ಲ. ಹನ್ನೊಂದರಾಗ ಒಂಬತ್ತು ಸಲ ಆ ದೇಶದ ಮನಷ್ಯಾ ಸಭಾದಾಗ ಇದ್ದೇ ಇಲ್ಲ. ಕುರ್ಚಿ ಖಾಲಿ ಇತ್ತು."

ಮುರಳೀಧರ ಪೊಟ್ಟಣ ಬಿಚ್ಚುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. ಆಮೇಲೆ ತಡೆಯಲಾರದೆ ನಕ್ಕುಬಿಟ್ಟ. "ಅಂದ್ರ ಇಪ್ಪತ್ತಾರು ವರ್ಷ ನೀ ಒಂದ ಖಾಲಿ ಕುರ್ಚಿ ಮ್ಯಾಲ ಪಾಠಾ ಹೇಳಿದಿ ಅನ್ನು!"

"ನಗಬ್ಯಾಡ್ರಿ. ನನಗ ಮೈ ಉರೀಲಿಕ್ಕೆ ಹತ್ತೇದ."

ಪತ್ರವನ್ನು ಅವನಿಗೆ ಓದಿ ಹೇಳಿದಳು. ಆ ದೇಶದ ಆಗಿನ ಪ್ರತಿನಿಧಿಯನ್ನು ದೇಚಮ್ಮ ಎಲ್ಲೆಲ್ಲೋ ಹುಡುಕಿ ಹಿಡಿದಿದ್ದಳು. ಮುದುಕನಿಗೆ ಈಗ ಎಂಬತ್ತನಾಲ್ಕು. ‘ಅಮ್ಮಾ, ನ್ಯೂಯಾರ್ಕಿನ ನಮ್ಮ ಕಚೇರಿಯಲ್ಲಿ ಇದ್ದವರು ಇಬ್ಬರು. ನಾನೊಬ್ಬ, ಟೈಪು ಮಾಡುವಾಕೆ ಒಬ್ಬಳು. ಆರು ಕೋಣೆಗಳಲ್ಲಿ ಒಂದೇ ಹೊತ್ತಿಗೆ ಆರು ಸಭೆ ನಡೆಯುತ್ತಿದ್ದವು. ನಾನು ಎಲ್ಲಿ ಕೂರಲಿ? ಭಾರತದಲ್ಲಿ ಯಾರೋ ನನ್ನ ಗೈರುಹಾಜರಿಗೆ ಅಷ್ಟು ದೊಡ್ಡ ಅರ್ಥ ಹಚ್ಚಿದ್ದಾರೆಂದು ನಿಮ್ಮಿಂದ ತಿಳಿಯಿತು. ಅವರಿಗೆ ನನ್ನ ನಮಸ್ಕಾರ ತಿಳಿಸಿ’ ಎಂದು ಬರೆದಿದ್ದ. ದೇಚಮ್ಮ ನಮಸ್ಕಾರವನ್ನೂ ಹೇಳಿರಲಿಲ್ಲ, ಪತ್ರವನ್ನೂ ತೋರಿಸಿರಲಿಲ್ಲ.

ಹೇಳಿಬಿಡಬೇಕು, ಮೊದಲ ದಿನ ಸುಲೋಚನಾಗೆ ಬಂದ ಬುದ್ಧಿ ಅಂಥ ದೊಡ್ಡದೇನಲ್ಲ. ಇದು ಸೆಪ್ಟೆಂಬರ್. ಬರುವ ಏಪ್ರಿಲ್ ಮೂವತ್ತಕ್ಕೆ ನಿವೃತ್ತಿ. ಏಳು ತಿಂಗಳು ಕಳೆದರೆ ಮುಗಿಯಿತು. ಅಡಿಟಿಪ್ಪಣಿಯನ್ನು ಯಾರು ಓದುತ್ತಾರೆ? ಹುಡುಗಿ ತಾನಾಗಿಯೇ ಮುಚ್ಚಿಟ್ಟಿದ್ದಾಳೆ, ಇದ್ದರೆ ಇರಲಿ. ‘ಕರಡು ನೋಡಿದೆ, ಚೆನ್ನಾಗಿದೆ, ಅಲ್ಪವಿರಾಮಗಳನ್ನಷ್ಟು ಸರಿಮಾಡು’ ಎಂದು ದೇಚಮ್ಮನಿಗೆ ಮೆಸೇಜು ಹಾಕಿದಳು. ಮರುದಿನ ಎಂ.ಎ. ಮೊದಲ ವರ್ಷದವರಿಗೆ ಅದೇ ಪಾಠ ಹೇಳಬೇಕಾಗಿತ್ತು. ‘ಮೌನದ ಮತ’ ಎಂದು ಬೋರ್ಡಿನ ಮೇಲೆ ಬರೆದು ತಿರುಗಿದಾಗ ನಲವತ್ತು ಮಕ್ಕಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಅವಳು ಸೀಮೆಸುಣ್ಣ ಕೆಳಗಿಟ್ಟಳು. ತಲೆನೋವೆಂದು ಹೇಳಿ ಇಪ್ಪತ್ತು ನಿಮಿಷಕ್ಕೇ ಕ್ಲಾಸು ಬಿಟ್ಟಳು. ನೌಕರಿಗೆ ಸೇರಿದಂದಿನಿಂದ ಹಾಗೆ ಮಾಡಿದವಳಲ್ಲ.

ಮನೆಗೆ ಬಂದು ಗಂಡನೆದುರು ಒದರಾಡಿದಳು. ಮುರಳೀಧರ ಕೂಲರಿಗೆ ನೀರು ಹಾಕುತ್ತಿದ್ದ.

"ನನಗ ನಿಮ್ಮ ರಾಜಕಾರಣ ತಿಳಿಯೂದಿಲ್ಲ," ಎಂದ ಅವನು. "ನಮ್ಮ ಬಾಯ್ಲರಿನ ಮ್ಯಾಲಿನ ಮೀಟರ್ ತಪ್ಪು ತೋರಸ್ಲಿಕ್ಕೆ ಹತ್ತಿದ್ರ ನಾವು ಅದರ ಮ್ಯಾಲ ಅರಿವಿ ಹೊಚ್ಚತಿದ್ದಿಲ್ಲ. ಕೆಂಪು ಬಣ್ಣದ್ಲೆ ಗುರ್ತು ಹಾಕಿ ಬೋರ್ಡಿಗೆ ಹಚ್ಚತಿದ್ವಿ. ಯಾಕಂದ್ರ ಮುಂದಿನ ಪಾಳಿಯವಾ ಅದನ್ನ ನೋಡೇ ಕೆಲಸಾ ಮಾಡ್ತಾನ."

"ಮೀಟರಿಗೆ ಮರ್ಯಾದಿ ಹೋಗೂದಿಲ್ಲ. ನನಗ ಹೋಗ್ತದ."

"ಹೋಗಲಿ ಬಿಡು. ನಿನ್ನ ಹತ್ರ ಬೇಕಾದಷ್ಟ ಅದ," ಎಂದು ಅವನು ಪೈಪು ಮಡಚಿಟ್ಟ.

ಸುಲೋಚನಾ ಕರೆದದ್ದಕ್ಕೆ ಮರುದಿನ ಸಂಜೆ ದೇಚಮ್ಮ ಕಾಮಠಿಯಿಂದ ಸ್ಕೂಟರಿನ ಮೇಲೆ ಬಂದಳು. ನಾಗಪುರದ ಹುಡುಗಿಯರ ಹಾಗೆಯೇ ಕಣ್ಣೆರಡು ಬಿಟ್ಟು ಮುಖಕ್ಕೆಲ್ಲ ಓಢಣಿ ಸುತ್ತಿಕೊಂಡಿದ್ದಳು. ಕೊಡಗಿನವಳು, ಗಂಡ ಸೈನ್ಯದಲ್ಲಿ ಮೇಜರ್. ಎರಡು ಸಲ ಬೇರೆ ಊರಿಗೆ ವರ್ಗ ಆಗುವುದನ್ನು ಹೇಗೋ ತಪ್ಪಿಸಿಕೊಂಡು ಹೆಂಡತಿಯ ಪಿಎಚ್.ಡಿ.ಗಾಗಿ ಕಾಮಠಿಯಲ್ಲೇ ಉಳಿದಿದ್ದ. ಮೂರನೆಯದು ತಪ್ಪುವಂತಿರಲಿಲ್ಲ. ಮೇ ತಿಂಗಳಿಗೆ ಜೋಧಪುರಕ್ಕೆ ಹೊರಡಲೇಬೇಕಾಗಿತ್ತು.

"ಅನುಬಂಧ ಎಂಟು ಯಾವಾಗ ಗೊತ್ತಾತು ನಿನಗ?" ಸುಲೋಚನಾ ಕೇಳಿದಳು.

ದೇಚಮ್ಮನ ಮುಖ ಸಪ್ಪಗಾಯಿತು. "ಎರಡು ವರ್ಷ ಆಯ್ತು, ಮೇಡಂ."

"ಎರಡು ವರ್ಷ! ಎರಡು ವರ್ಷ ನನ್ನ ಮುಂದ ಕೂತು ಚಹಾ ಕುಡದಿ, ಚಕ್ಕುಲಿ ತಿಂದಿ, ಒಂದ ಮಾತು ಹೇಳಲಿಲ್ಲ?"

"ಹೇಗೆ ಹೇಳೋದು ಮೇಡಂ? ನಾನು ಈ ಸಬ್ಜೆಕ್ಟಿಗೆ ಬಂದಿದ್ದೇ ನಿಮ್ಮ ಆ ಆರ್ಟಿಕಲ್ ಓದಿ. ನಮ್ಮನೆಯವರನ್ನ ಕೇಳ್ದೆ. ಕಮಾಂಡಿಂಗ್ ಆಫೀಸರ್ ನಕ್ಷೆ ತಪ್ಪು ಓದಿದ್ರೆ ಜೂನಿಯರ್ ಆದವನು ಒಂದು ಸಲ ಹೇಳ್ಬೇಕು, ಎರಡನೇ ಸಲ ಹೇಳ್ಬಾರ್ದು ಅಂದ್ರು. ಅಡಿಟಿಪ್ಪಣಿ ಅಂದ್ರೆ ಒಂದು ಸಲ ಹೇಳಿದ ಹಾಗಾಯ್ತಲ್ಲ ಅಂತ..."

ಸುಲೋಚನಾಗೆ ಸಿಟ್ಟೂ ನಗೆಯೂ ಒಟ್ಟಿಗೇ ಬಂದವು. "ಇದು ಪಲ್ಟನ್ ಅಲ್ಲ ನಮ್ಮವ್ವಾ. ಆ ಅನುಬಂಧಾ ತಗದು ನಾಲ್ಕನೇ ಅಧ್ಯಾಯ ಮಾಡು. ನನ್ನ ಹೆಸರು ಹಾಕಿ, ಲೇಖನದ ಹೆಸರು ಹಾಕಿ, ಪುಟಾ ಹಾಕಿ, ತಪ್ಪು ಅಂತ ಬರಿ. ‘ಬೇರೊಂದು ಬಗೆ’ ಅಂತ ಬರದ್ರ ನಾ ಸಹಿ ಮಾಡೂದಿಲ್ಲ ನೋಡು."

ಅಕ್ಟೋಬರಿನಲ್ಲಿ ಮಹಾಪ್ರಬಂಧ ಹೋಯಿತು. ಸಹಿ ಮಾಡುವುದು ಸುಲೋಚನಾಗೆ ಸುಲಭವೇನೂ ಆಗಲಿಲ್ಲ, ಸುಳ್ಳು ಯಾಕೆ ಹೇಳಬೇಕು? ಆದರೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ವೈವಾ ನಡೆದದ್ದು ಏಪ್ರಿಲ್ ಹದಿನೇಳಕ್ಕೆ. ನಾಗಪುರದಲ್ಲಿ ಆಗಲೇ ಬೆಂಕಿ ಸುರಿಯುತ್ತಿತ್ತು. ವಿಭಾಗದ ಸಭಾಂಗಣದಲ್ಲಿ ಎರಡು ದೊಡ್ಡ ಕೂಲರುಗಳು ಗರ್ರೆನ್ನುತ್ತ ಹಸಿ ಹುಲ್ಲಿನ ವಾಸನೆಯ ಗಾಳಿ ಬಿಡುತ್ತಿದ್ದವು. ಮುಕ್ತ ವೈವಾ ಆದ್ದರಿಂದ ಯಾರು ಬೇಕಾದರೂ ಬಂದು ಕೂರಬಹುದು. ಅಂದು ಜನ ಹೆಚ್ಚಾಗಿಯೇ ಬಂದಿದ್ದರು. ಹದಿಮೂರು ದಿನಕ್ಕೆ ಸುಲೋಚನಾ ಮೇಡಂ ನಿವೃತ್ತಿ, ಇದು ಅವರ ಕೊನೆಯ ವೈವಾ ಎಂದು ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿದ್ದರು. ವಿಭಾಗದ ಮುಖ್ಯಸ್ಥೆ ಚಾರುಲತಾ ವಾನಖೇಡೆ ಮೇಜಿನ ಮೇಲೆ ಒಂದು ಶಾಲು, ಹೂಗುಚ್ಛ ಕೂಡ ತರಿಸಿಟ್ಟಿದ್ದಳು. ಸ್ವಾಗತ ಮಾಡುತ್ತ ಹತ್ತು ನಿಮಿಷ ‘ಮೌನದ ಮತ’ದ ಹೊಗಳಿಕೆಗೇ ಕೊಟ್ಟಳು. ಈ ವಿಭಾಗದ ಹೆಸರನ್ನು ದೇಶಕ್ಕೆ ತಿಳಿಸಿದ ಸಿದ್ಧಾಂತ ಅದು ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾಲ್ಕನೆಯ ಅಧ್ಯಾಯವನ್ನು ಚಾರುಲತಾ ಓದಿರಲಿಲ್ಲ ಎಂಬುದು ಸ್ಪಷ್ಟವಾಗಿತ್ತು. ಎದುರಿಗೆ ನಿಂತಿದ್ದ ದೇಚಮ್ಮ ಶಾಲು ನೋಡಿದಳು, ಹೂವು ನೋಡಿದಳು, ನೆಲ ನೋಡಿದಳು.

ಓದಿದ್ದವರು ಒಬ್ಬರೇ, ಭುವನೇಶ್ವರದಿಂದ ಬಂದ ಪರೀಕ್ಷಕ ಪ್ರೊಫೆಸರ್ ರಂಜನ್ ಮಹಾಪಾತ್ರ. ತೆಳ್ಳಗಿನ ಮನುಷ್ಯ, ಮಾತು ಅದಕ್ಕಿಂತ ತೆಳ್ಳಗೆ. ಸುಲೋಚನಾ ಅವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಗೈಡ್ ಆದವರು ಅಲ್ಲಿ ಕೂರಬೇಕು, ಮುಗಿಯುವ ತನಕ ತುಟಿ ಬಿಚ್ಚಬಾರದು. ಅದು ಪದ್ಧತಿ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆದಿತ್ತು.

"ನಿಮ್ಮ ಗೈಡ್ ಹನ್ನೊಂದು ತಟಸ್ಥ ಮತ ಎನ್ನುತ್ತಾರೆ. ನೀವು ಎರಡು ಎನ್ನುತ್ತೀರಿ," ಎಂದರು ಮಹಾಪಾತ್ರ. "ನಾನು ಯಾರನ್ನು ನಂಬಲಿ?"

ಚಾರುಲತಾ ಗಡಬಡಿಸಿ ಮಹಾಪ್ರಬಂಧದ ಪುಟ ಮಗುಚತೊಡಗಿದಳು. ದೇಚಮ್ಮ ಸುಲೋಚನಾಳ ಕಡೆ ನೋಡಿದಳು. ಹುಡುಗಿಯ ಕಣ್ಣಲ್ಲಿ ನೀರಿತ್ತು.

"ಎರಡೂ ದೃಷ್ಟಿಕೋನಗಳಿಗೆ ಅವುಗಳದೇ ಆದ ಮಹತ್ವವಿದೆ, ಸರ್," ಎಂದಳು. "ಆ ಕಾಲಕ್ಕೆ ಮೇಡಂ ಹೇಳಿದ್ದು ಸರಿಯೇ ಇತ್ತು. ನಾನು ಅದನ್ನು ಸ್ವಲ್ಪ ಬೇರೆ ಕಡೆಯಿಂದ ನೋಡಿದ್ದೇನೆ, ಅಷ್ಟೆ."

"ಕೋಣೆಯಲ್ಲಿ ಮನುಷ್ಯ ಇದ್ದನೋ ಇಲ್ಲವೋ ಎಂಬುದರಲ್ಲಿ ದೃಷ್ಟಿಕೋನ ಎಲ್ಲಿಂದ ಬಂತು?"

ದೇಚಮ್ಮ ಮತ್ತೆ ನೆಲ ನೋಡಿದಳು. ಮಹಾಪಾತ್ರ ಪೆನ್ನಿನ ಮುಚ್ಚಳ ತೆಗೆದರು. "ಬರೆದದ್ದರ ಪರವಾಗಿ ನೀವೇ ನಿಲ್ಲದಿದ್ದರೆ ಈ ಅಧ್ಯಾಯಕ್ಕೆ ಅರ್ಥವಿಲ್ಲ. ನಾಲ್ಕನೆಯದನ್ನು ತಿರುಗಿ ಬರೆದು ಕಳಿಸಿ ಎನ್ನಬೇಕಾಗುತ್ತದೆ."

ತಿರುಗಿ ಬರೆಯುವುದೆಂದರೇನು ಎಂದು ಸುಲೋಚನಾಗೆ ಗೊತ್ತಿತ್ತು. ತಾನು ಹದಿಮೂರು ದಿನಕ್ಕೆ ಮನೆಗೆ. ದೇಚಮ್ಮ ಮುಂದಿನ ತಿಂಗಳು ಜೋಧಪುರಕ್ಕೆ. ಹೊಸ ಗೈಡ್, ಹೊಸ ಅರ್ಜಿ, ಹೊಸ ಪರೀಕ್ಷಕರು. ಹುಡುಗಿಯ ಐದು ವರ್ಷ ನೀರುಪಾಲು, ಅದೂ ತನ್ನ ಮುಖ ಉಳಿಸಲಿಕ್ಕೆ ಹೋಗಿ! ಎದ್ದು ಹೋಗಿ ಅವಳ ಕಿವಿ ಹಿಂಡಬೇಕು ಅನ್ನಿಸುವಷ್ಟು ಸಿಟ್ಟು ಬಂತು. ಅದರ ಬೆನ್ನಿಗೇ, ತನಗೆ ಹೆಣ್ಣುಮಕ್ಕಳಿದ್ದರೆ ಇಷ್ಟು ಮಾಡುತ್ತಿದ್ದರೋ ಇಲ್ಲವೋ ಎಂದು ಕರುಳು ಚುರ್ರೆಂದಿತು. ಮಹಾಪಾತ್ರರ ಪೆನ್ನು ಕಾಗದಕ್ಕೆ ತಾಗುವುದರೊಳಗೆ ಅವಳು ಎದ್ದು ನಿಂತಿದ್ದಳು.

"ಮ್ಯಾಡಮ್, ಬಸಾ ನಾ, ಕೂತುಕೊಳ್ಳಿ," ಚಾರುಲತಾ ಅವಳ ಸೆರಗು ಹಿಡಿದು ಪಿಸುಗುಟ್ಟಿದಳು. "ಗೈಡ್ ಮಾತಾಡುವ ಹಾಗಿಲ್ಲ."

"ಗೈಡ್ ಮಾತಾಡುವುದಿಲ್ಲ," ಎಂದಳು ಸುಲೋಚನಾ. ಸೆರಗು ಬಿಡಿಸಿಕೊಂಡು, ಕುರ್ಚಿಗಳ ನಡುವೆ ದಾರಿ ಮಾಡಿಕೊಳ್ಳುತ್ತ, ಹಳೆಯ ವಿದ್ಯಾರ್ಥಿಗಳನ್ನೆಲ್ಲ ದಾಟಿ ಹಿಂದಕ್ಕೆ ನಡೆದಳು. ಮೊಣಕಾಲು ನೋಯುತ್ತಿತ್ತು, ಹೊತ್ತು ಹಿಡಿಯಿತು. ಕಡೆಯ ಸಾಲಿನಲ್ಲಿ ಎಂ.ಎ. ಓದುವ ಹುಡುಗಿಯೊಬ್ಬಳು ಗಾಬರಿಯಿಂದ ಸರಿದು ಜಾಗ ಕೊಟ್ಟಳು. ಸುಲೋಚನಾ ಅಲ್ಲಿ ಕೂತು ಕೈ ಎತ್ತಿದಳು.

"ಮುಕ್ತ ವೈವಾದಲ್ಲಿ ಸಭಿಕರು ಪ್ರಶ್ನೆ ಕೇಳಬಹುದು, ಅಲ್ಲವೆ?"

ಮಹಾಪಾತ್ರ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಮುಖದಲ್ಲಿ ಅಂದಿನ ಮೊದಲ ನಗೆ ಕಾಣಿಸಿತು. "ಧಾರಾಳವಾಗಿ. ಆದರೆ ಸಭಿಕರು ಹೆಸರು ಹೇಳಿ ಕೇಳಬೇಕು."

"ಸುಲೋಚನಾ ಕುಲಕರ್ಣಿ."

ಅಲ್ಲಲ್ಲಿ ನಕ್ಕರು. ಅವಳು ನಗಲಿಲ್ಲ. "ಇಪ್ಪತ್ತಾರು ವರ್ಷದ ಹಿಂದೆ ಒಬ್ಬಾಕೆ ಖಾಲಿ ಕುರ್ಚಿ ನೋಡಿ ಮೌನವ್ರತ ಎಂದು ಬರೆದಳು. ಬಂದು ಸುಮ್ಮನೆ ಕೂತವನಿಗೂ ಬಾರದವನಿಗೂ ಒಂದೇ ಗೆರೆ ಎಳೆದಿದ್ದಳು. ಆಕೆ ತಪ್ಪಿದ್ದಾಳೆ, ಅದರಲ್ಲಿ ಅನುಮಾನವಿಲ್ಲ, ಆ ಹಾಳೆ ಈಗಲೂ ನನ್ನ ಮನೆಯಲ್ಲಿದೆ. ನನ್ನ ಪ್ರಶ್ನೆ ಇಷ್ಟೇ. ಆ ತಪ್ಪು ತಿದ್ದಿದ ಮೇಲೆ ಅಭ್ಯರ್ಥಿಗೆ ಕಂಡದ್ದೇನು? ಆಕೆಯ ವಯಸ್ಸಿಗೆ ಮರ್ಯಾದೆ ಕೊಟ್ಟು ಅರ್ಧಂಬರ್ಧ ಹೇಳಿದರೆ ನಾನು ಒಪ್ಪುವುದಿಲ್ಲ."

ಚಾರುಲತಾಳ ಮುಖ ಕೆಂಪಗಾಗಿತ್ತು. ಮುಂದಿನ ಸಾಲಿನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ತಾನೂ ಎಲ್ಲೋ ಅದೇ ಪಾಠ ಹೇಳುವವನು, ಹಿಂದಕ್ಕೆ ತಿರುಗಿ ಬಾಯಿ ಬಿಟ್ಟುಕೊಂಡು ನೋಡಿದ. ಇಷ್ಟು ಜನರೆದುರು ಹೇಳಿಯಾಯಿತು, ಇನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಆಶ್ಚರ್ಯವೆಂದರೆ, ಸುಲೋಚನಾಗೆ ಹಗುರವೆನಿಸಿತು.

ದೇಚಮ್ಮ ಗ್ಲಾಸು ಎತ್ತಿ ನೀರು ಕುಡಿದಳು. ಓಢಣಿಯ ತುದಿಯಿಂದ ಕಣ್ಣು ಒರೆಸಿಕೊಂಡಳು. ಮೊದಲ ನಾಲ್ಕು ವಾಕ್ಯ ತಡವರಿಸಿದಳು. ಐದನೆಯದರಿಂದ ಅವಳ ದನಿ ದಾರಿಗೆ ಬಂತು.

"ಕುಲಕರ್ಣಿಯವರು ತಪ್ಪು ಎಣಿಸಿದ್ದಾರೆ," ಎಂದಳು. "ಹನ್ನೊಂದರಲ್ಲಿ ಒಂಬತ್ತು ತಪ್ಪು." ಆಮೇಲೆ ಹೇಳುತ್ತಲೇ ಹೋದಳು. ಬಾರದೇ ಇದ್ದ ಒಂಬತ್ತು ದಿನಗಳಲ್ಲಿ ಆ ಪ್ರತಿನಿಧಿ ಇನ್ನಾವ ಕೋಣೆಯಲ್ಲಿದ್ದ ಎಂದು ತಾನು ಹುಡುಕಿದ ಬಗೆ. ಅವನಂಥದೇ ಇಪ್ಪತ್ತಮೂರು ಸಣ್ಣ ಕಚೇರಿಗಳು, ಅವುಗಳಲ್ಲಿದ್ದ ಒಬ್ಬಿಬ್ಬರು ಜನ. ಯಾವ ಸಭೆ ಯಾವ ಹೊತ್ತಿಗೆ ಎಂದು ಗೊತ್ತು ಮಾಡುವವರು ಯಾರು, ಎರಡು ಮುಖ್ಯ ಸಭೆಗಳು ಒಂದೇ ತಾಸಿಗೆ ಬಿದ್ದರೆ ಯಾರ ಕುರ್ಚಿ ಖಾಲಿ ಬೀಳುತ್ತದೆ.

"ಆದ್ದರಿಂದ ಚಿಕ್ಕ ದೇಶ ಯಾಕೆ ಮಾತಾಡಲಿಲ್ಲ ಎಂದು ಕೇಳುವ ಮೊದಲು," ಎಂದಳು ದೇಚಮ್ಮ, "ಆ ಹೊತ್ತಿಗೆ ಅದನ್ನು ಬೇರೆ ಯಾವ ಕೋಣೆಗೆ ಕರೆಯಲಾಗಿತ್ತು ಎಂದು ಕೇಳಬೇಕು. ಕರೆದವರು ಯಾರು ಎಂದೂ ಕೇಳಬೇಕು."

ಮಹಾಪಾತ್ರ ಪೆನ್ನು ಕೆಳಗಿಟ್ಟು ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಈ ಕೊನೆಯ ಮಾತು ಕರಡಿನಲ್ಲಿ ಇರಲಿಲ್ಲ; ಐದು ವರ್ಷದಲ್ಲಿ ಸುಲೋಚನಾ ಅದನ್ನು ಕೇಳುತ್ತಿದ್ದದ್ದು ಇದೇ ಮೊದಲು. ದೇಚಮ್ಮ ಆಗಲೇ ಮುಂದಿನ ಮಾತಿಗೆ ಹೋಗಿದ್ದಳು. ಸುಲೋಚನಾ ಅವಸರದಿಂದ ಪಕ್ಕದ ಹುಡುಗಿಯ ಹತ್ತಿರ ಒಂದು ಪೆನ್ನು ಇಸಿದುಕೊಂಡು, ಅವಳ ನೋಟುಬುಕ್ಕಿನಿಂದ ಒಂದು ಹಾಳೆಯನ್ನೂ ಕೇಳಿ ಹರಿದುಕೊಂಡು, ತೊಡೆಯ ಮೇಲಿಟ್ಟು ಬರೆದುಕೊಳ್ಳತೊಡಗಿದಳು.